ಮಳೆಗಾಲದಲ್ಲಿ ಗಾದಿಗೆ ಬೂಷ್ಟು

ಮುಂಬಯಿಯಲ್ಲಿ ಜೂನಿನಿಂದ ಸಪ್ಟಂಬರಿನವರೆಗೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ. ಚಾಳಿನ ಖೋಲಿಯಲ್ಲಿ ನೆಲಕ್ಕೇ ಗಾದಿ ಹಾಸುವವರು, ತೇವ ಕೆಳಗಿನಿಂದ ಏರುತ್ತದೆಂದು ತಿಳಿದು ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಕುತ್ತಾರೆ. ನೆಲ ಅಂತಸ್ತಿನಲ್ಲಿ ಅದು ನಿಜವೂ ಹೌದು. ಆದರೆ ಮೂರನೆಯ ಮಾಳಿಗೆಯಲ್ಲಿಯೂ ಬೂಷ್ಟು ಬರುವುದೇಕೆ? ಮಲಗಿದವನ ಬೆವರಿನ ಆವಿ ಹತ್ತಿಯೊಳಗೆ ಇಳಿದು, ತಣ್ಣನೆಯ ಶಹಾಬಾದ್ ಕಲ್ಲಿನ ಬಳಿ ತೇವವಾಗಿ ನಿಲ್ಲುತ್ತದೆ. ಪ್ಲಾಸ್ಟಿಕ್ ಅದನ್ನು ಅಲ್ಲಿಯೇ ಹಿಡಿದಿಡುತ್ತದೆ.

ಅಡಿಯಲ್ಲಿ ಗಾಳಿ ಆಡಬೇಕು: ಸಂದು ಬಿಟ್ಟು ಜೋಡಿಸಿದ ಹಲಗೆಗಳಾದರೆ ಉತ್ತಮ, ಇಲ್ಲವೇ ಒರಟು ಚಾಪೆ. ಎದ್ದೊಡನೆ ಸುತ್ತಿಡದೆ ಗೋಡೆಗೆ ಒರಗಿಸಿ ನಿಲ್ಲಿಸಿರಿ. ಪಾಳಿಯಂತೆ ಇಬ್ಬರು ಒಂದೇ ಗಾದಿಯಲ್ಲಿ ಮಲಗುವಲ್ಲಿ ಅದು ಒಣಗುವುದೇ ಇಲ್ಲ; ಬಾಡಿಗೆ ಉಳಿಸುವವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಒಬ್ಬೊಬ್ಬರಿಗೆ ಬೇರೆ ತೆಳು ಗಾದಿ ಇರಲಿ. ಬೂಷ್ಟಿನ ಧೂಳು ಉಬ್ಬಸದವರಿಗೆ ಕೆಟ್ಟದ್ದು; ಖೋಲಿಯ ಹೊರಗೇ ಉಜ್ಜಿ ಬಿಸಿಲಿಗೆ ಹಾಕಿರಿ. ಒಳಗಿನ ಹತ್ತಿಗೇ ಹಿಡಿದಿದ್ದರೆ ಎಸೆಯಬೇಕು.