ಮರಣದ ಪುಸ್ತಕದಲ್ಲಿ ಸೊನ್ನೆಯೂ ಐದೂ

ಮನೆಯ ಅಜ್ಜ ತೀರಿಕೊಂಡರೆ ಪಂಚಾಯತು ಕಚೇರಿಯಲ್ಲಿ ಪ್ರಾಯ ಕೇಳುತ್ತಾರೆ. ‘ಎಪ್ಪತ್ತು ಆಗಿರಬಹುದು’ ಎನ್ನುತ್ತೇವೆ. ನಮ್ಮ ಊಹೆ ದಾಖಲೆಯಾಗಿಬಿಡುತ್ತದೆ.

ಇಂತಹ ಊಹೆಗಳನ್ನು ಪತ್ತೆಹಚ್ಚುವ ಉಪಾಯ ಸರಳವಾಗಿದೆ. ಮೃತರ ಪ್ರಾಯದ ಕೊನೆಯ ಅಂಕೆಯನ್ನಷ್ಟೇ ಎಣಿಸಬೇಕು. ಯಮನಿಗೆ ಸೊನ್ನೆ, ಐದರ ಮೇಲೆ ವಿಶೇಷ ಮಮತೆಯಿಲ್ಲ. ಸಾವಿರಾರು ಮರಣಗಳಲ್ಲಿ ಇವೆರಡೂ ಸೇರಿ ನೂರಕ್ಕೆ ಸುಮಾರು 20 ಇರಬೇಕು. 40 ಇದ್ದರೆ ಪುಸ್ತಕದಲ್ಲಿರುವುದು ಪ್ರಾಯವಲ್ಲ, ಅಂದಾಜು. ಜನಗಣತಿಯನ್ನು ಪರೀಕ್ಷಿಸುವ ವಿಪ್ಪಲ್ ಸೂಚ್ಯಂಕದ ತತ್ತ್ವವೂ ಇದೇ. 23ರಿಂದ 62ರವರೆಗಿನ ಪ್ರಾಯದವರಲ್ಲಿ ಲೆಕ್ಕ ಸರಿಯಿದ್ದರೆ 100. ಎಲ್ಲರ ಪ್ರಾಯವೂ ಸೊನ್ನೆ, ಐದರಲ್ಲೇ ಮುಗಿದರೆ 500.

ದಾಖಲಾಗದ ಮರಣವನ್ನೂ ಪ್ರಾಯವೇ ಬಯಲಿಗೆಳೆಯುತ್ತದೆ. 2010ರಲ್ಲಿ ಜಪಾನಿನ ಕುಟುಂಬ ದಾಖಲೆಗಳಲ್ಲಿ ನೂರು ದಾಟಿದ 2,30,000ಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂದೇ ತಿಳಿಯಲಿಲ್ಲ. ಕೆಲವರ ಪ್ರಾಯ 150 ಮೀರಿತ್ತು!

ನಾವು ಅಧ್ಯಾಪಕರೂ ನಿರ್ದೋಷಿಗಳಲ್ಲ. ಪ್ರಾಯ ಸಾಲದ ಎಷ್ಟೋ ಮಕ್ಕಳನ್ನು ಶಾಲೆಗೆ ಸೇರಿಸಲೆಂದು ಮೇ ತಿಂಗಳಲ್ಲೇ ‘ಹುಟ್ಟಿಸಿದವರು’ ನಾವು. ಆ ಸುಳ್ಳು ಶಾಲೆಯಿಂದ ಹೊರಟು ಮರಣಪತ್ರದವರೆಗೂ ನಡೆಯುತ್ತದೆ.

ಯಾವ ಪ್ರಾಯದವರು ಎಷ್ಟು ಮಂದಿ ಸಾಯುತ್ತಾರೆಂಬುದರಿಂದಲೇ ನಾಡಿನ ಸರಾಸರಿ ಆಯುಷ್ಯವನ್ನು ಲೆಕ್ಕಹಾಕುವುದು; ಯಾರಿಗೆ ಯಾವ ಚಿಕಿತ್ಸೆ ಬೇಕೆಂದು ತಿಳಿಯುವುದೂ ಹಾಗೆಯೇ. 1969ರ ಕಾಯಿದೆಯಂತೆ ಮರಣವನ್ನು 21 ದಿನಗಳೊಳಗೆ ತಿಳಿಸಬೇಕು. ಹೋಗುವ ಮುನ್ನ ಮನೆಯ ಪೆಟ್ಟಿಗೆಯಲ್ಲಿ ಜಾತಕವೋ ಹಳೆಯ ಕಾಗದವೋ ಇದೆಯೇ ಎಂದು ಹುಡುಕೋಣ. ಬದುಕಿದಷ್ಟು ವರ್ಷಗಳನ್ನು ಸರಿಯಾಗಿ ಬರೆಸುವುದೂ ಅಗಲಿದವರಿಗೆ ನಾವು ಸಲ್ಲಿಸಬೇಕಾದ ಋಣವೇ ಸರಿ.