ಮೊಣಕಾಲ ಚಿಪ್ಪಿನ ನೋವೂ ಶಸ್ತ್ರಚಿಕಿತ್ಸೆಯೂ

ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಲ್ಲಿ ಕುಳಿತೇಳುವಾಗ ಮೊಣಕಾಲಿನ ಮುಂಭಾಗದಲ್ಲಿ ನೋವು ಕಾಣಿಸಿಕೊಳ್ಳುವುದುಂಟು. ಕಳೆದ ವರ್ಷ ಪೋಷಕರೊಬ್ಬರು, ಇಂತಹ ನೋವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಸಾಲ ತೆಗೆಯಬೇಕೆಂದಿರುವುದಾಗಿ ಹೇಳಿ, "ಮಾಸ್ತರರೇ, ಕೊಯ್ದರೆ ನೋವು ಹೋದೀತೇ?" ಎಂದು ಕೇಳಿದರು. ನಾನು ವೈದ್ಯನಲ್ಲ, ಆದರೂ ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಬಾವಿಯ ರಾಟೆಯು ಹಗ್ಗದ ಎಳೆತವನ್ನು ಸುಗಮಗೊಳಿಸುವಂತೆ, ಮೊಣಕಾಲ ಚಿಪ್ಪು ತೊಡೆಯ ಸ್ನಾಯುವಿನ ಬಲವನ್ನು ಕಣಕಾಲಿಗೆ ಮುಟ್ಟಿಸುತ್ತದೆ. ಕಾಲು ಮಡಿಸಿದಾಗ ಅದು ತೊಡೆಯೆಲುಬಿನ ತುದಿಯ ತೋಡಿನಲ್ಲಿ ಜಾರುತ್ತದೆ. ಅಲ್ಲಿ ಒತ್ತಡವು ಮಿತಿಮೀರಿದರೆ ನೋವು. ಆರ್ಥ್ರೋಸ್ಕೋಪಿ ಎಂಬ ವಿಧಾನದಲ್ಲಿ ವೈದ್ಯರು ಸಣ್ಣ ರಂಧ್ರದ ಮೂಲಕ ನಳಿಕೆಯನ್ನು ತೂರಿಸಿ ಕೀಲನ್ನು ಪರೀಕ್ಷಿಸಿ, ಒರಟಾದ ಮೃದ್ವಸ್ಥಿಯನ್ನು ನಯಗೊಳಿಸುತ್ತಾರೆ.

ಇದರ ಫಲವೆಷ್ಟು? ಫಿನ್‌ಲೆಂಡಿನ ವೈದ್ಯರು ಬಹುಕಾಲದಿಂದ ಈ ನೋವುಂಡಿದ್ದ 56 ಮಂದಿ ವಯಸ್ಕರನ್ನು, ಚೀಟಿಯೆತ್ತಿದಂತೆ, 28 ಮಂದಿಯ ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಆರ್ಥ್ರೋಸ್ಕೋಪಿಯೂ 8 ವಾರಗಳ ಮನೆಯ ವ್ಯಾಯಾಮವೂ. ಇನ್ನೊಂದಕ್ಕೆ ವ್ಯಾಯಾಮ ಮಾತ್ರ. ಮೊಣಕಾಲಿನ ಸ್ಥಿತಿಯನ್ನು ನಮ್ಮ ಪರೀಕ್ಷೆಗಳಂತೆಯೇ 100 ಅಂಕಗಳಿಗೆ ಅಳೆದರು. (ಇಲ್ಲಿ ಪೂರ್ಣಾಂಕ ಬಂದವನು ನಿಜವಾಗಿಯೂ ಭಾಗ್ಯವಂತ!) 2007ರಲ್ಲಿ ಪ್ರಕಟವಾದ ವರದಿಯಂತೆ, 9 ತಿಂಗಳ ಬಳಿಕ ಮೊದಲ ಗುಂಪಿಗೆ ಸರಾಸರಿ ಸುಮಾರು 13 ಅಂಕ, ಎರಡನೆಯದಕ್ಕೆ ಸುಮಾರು 11 ಅಂಕ ಹೆಚ್ಚಿತ್ತು, ಈ ಅಲ್ಪ ಅಂತರವು ಆಕಸ್ಮಿಕವಾಗಿಯೂ ಬರಬಹುದಾದುದು. ಖರ್ಚು ಮಾತ್ರ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ತಲೆಗೆ ಸುಮಾರು 900 ಯೂರೋ ಅಧಿಕ. ಐದು ವರ್ಷಗಳ ಬಳಿಕದ ಫಲವು 2012ರಲ್ಲಿ ಪ್ರಕಟವಾಯಿತು: ಬಹುಪಾಲು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಲಾಭ ಕಂಡುಬರಲಿಲ್ಲ.

ಶಸ್ತ್ರಚಿಕಿತ್ಸೆಯಾದವರಿಗೆ ಗುಣ ಕಂಡುದು ಸುಳ್ಳಲ್ಲ. ಆದರೆ ಕತ್ತಿ ಸೋಂಕದವರಿಗೂ ಹೆಚ್ಚುಕಡಮೆ ಅಷ್ಟೇ ಗುಣ ಕಂಡಿತು. ಎರಡನೆಯ ಗುಂಪು ಇಲ್ಲದಿದ್ದಲ್ಲಿ ಕೀರ್ತಿಯೆಲ್ಲ ಕತ್ತಿಗೇ ಸಲ್ಲುತ್ತಿತ್ತು! ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಈ ಹೋಲಿಕೆಯ ಕ್ರಮವನ್ನು ಗಮನಿಸಬೇಕು.

ಈ ಪ್ರಯೋಗವು ಎಲ್ಲ ಮೊಣಕಾಲುಗಳಿಗೂ ಅನ್ವಯಿಸದು. ಚಿಪ್ಪು ಪದೇಪದೇ ಸ್ಥಾನ ತಪ್ಪುವುದು, ಕೀಲು ಸಿಕ್ಕಿಕೊಂಡಂತಾಗುವುದು, ಬಿದ್ದ ಮೇಲೆ ಊದಿಕೊಳ್ಳುವುದು ಇವು ಬೇರೆಯೇ ವಿಷಯಗಳು. ಅಲ್ಲಿ ವೈದ್ಯರ ತಪಾಸಣೆಗೆ ತಡಮಾಡಲಾಗದು. ಬೆಳೆಯುವ ಮಕ್ಕಳ ನೋವನ್ನೂ ವೈದ್ಯರಿಗೇ ತೋರಿಸಬೇಕು. ಉಳಿದಂತೆ, ಸೊಂಟದ ಮತ್ತು ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೇ ಇಂದು ತಜ್ಞರು ಮೊದಲು ಸೂಚಿಸುತ್ತಾರೆ. ಅದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು.

ನನ್ನನ್ನು ಕೇಳಿದ ಆ ಪೋಷಕರು ಇನ್ನೊಬ್ಬ ವೈದ್ಯರನ್ನು ಕಂಡು ಈಗ ವ್ಯಾಯಾಮ ಮಾಡುತ್ತಿದ್ದಾರೆ. ನೋವು ಪೂರ್ಣವಾಗಿ ಹೋಗಿಲ್ಲ, ಸಾಲವನ್ನಂತೂ ತೆಗೆದಿಲ್ಲ.