ಗುಂಜಹಳ್ಳಿಯ ಹನ್ನೆರಡು ಗಂಟೆ

ರಾಯಚೂರು ಸೀಮೆಯ ಗುಂಜಹಳ್ಳಿಯ ಬಯಲಿನಲ್ಲಿ ಒಂದು ಕೋಲು ನೆಟ್ಟು ಅದರ ನೆರಳು ನೋಡುತ್ತ ಕುಳಿತುಕೊಳ್ಳಿ. ನೆರಳು ತೀರ ಗಿಡ್ಡವಾದ ಗಳಿಗೆಯಲ್ಲಿ ಹೊತ್ತು ನೆತ್ತಿಗೇರಿತು ಎನ್ನುತ್ತೇವೆ. ಆಗ ಮೊಬೈಲ್ ತೆಗೆದು ನೋಡಿದರೆ ಫೆಬ್ರುವರಿ ನಡುವಿನಲ್ಲಿ 12.35ರ ಸುಮಾರು, ನವೆಂಬರ್ ಮೊದಲಲ್ಲಿ 12.04ರ ಸುಮಾರು. ಮೇ ಮೊದಲ ವಾರದ ಒಂದು ದಿನ 12.17ರ ಹೊತ್ತಿಗೆ ಕೋಲಿಗೆ ನೆರಳೇ ಇರುವುದಿಲ್ಲ! ತಪ್ಪು ಕೋಲಿನದಲ್ಲ, ಮೊಬೈಲಿನದೂ ಅಲ್ಲ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು ಹೇಳುತ್ತವೆ. ರಾಯಚೂರು ಸೀಮೆ ಇರುವುದು 77.3ರ ಆಸುಪಾಸಿನಲ್ಲಿ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು. ಹೀಗೆ ಇಲ್ಲಿನ ಹೊತ್ತು ಸರಾಸರಿ ಸುಮಾರು 21 ನಿಮಿಷ ಹಿಂದೆ. ಉಳಿದ ಏರಿಳಿತಕ್ಕೆ ಭೂಮಿಯ ವಾಲಿದ ಅಕ್ಷ ಮತ್ತು ಅಂಡಾಕಾರದ ಕಕ್ಷೆ ಕಾರಣ.

ಊರಿಗೊಂದು ಹೊತ್ತಿದ್ದ ಕಾಲದಲ್ಲಿ, 1871ರಲ್ಲಿ, ಬೊಂಬಾಯಿ ಕಡೆಯ ರೈಲು ಮಾರ್ಗವೂ ಮದ್ರಾಸಿನದೂ ಕೂಡಿದ್ದು ರಾಯಚೂರಿನಲ್ಲೇ. ಬೊಂಬಾಯಿಯ ಹೊತ್ತು ರಾಯಚೂರಿಗಿಂತ 18 ನಿಮಿಷ ಹಿಂದೆ, ಮದ್ರಾಸಿನದು ಸುಮಾರು 12 ನಿಮಿಷ ಮುಂದೆ. ಊರಿನ ಹೊತ್ತು ಇವೆರಡರ ನಡುವೆ ಸಿಕ್ಕಿಕೊಂಡಿತ್ತು. ಊರಿಗೊಂದು ಹೊತ್ತು ಇಟ್ಟುಕೊಂಡು ರೈಲು ಓಡಿಸಲಾಗುವುದಿಲ್ಲ. ಹಾಗಾಗಿ ಮದ್ರಾಸಿನ ಸಮಯವೇ ರೈಲ್ವೆ ಸಮಯವಾಯಿತು. ಈಗಿನ ಭಾರತೀಯ ಸಮಯ ಬಂದದ್ದು 1906ರ ಜನವರಿ 1ರಂದು. ಬೊಂಬಾಯಿ ಮಾತ್ರ ತನ್ನ ಹಟ ಬಿಡಲು ಇನ್ನೂ ಐದು ದಶಕ ಹಿಡಿಯಿತು.

ಇದೆಲ್ಲ ಮುಳ್ಳು ತಿರುಗಿಸಿದರೆ ಮುಗಿಯುವ ತಕರಾರು. 1905 ಮತ್ತು 1915ರಲ್ಲಿ ಐನ್‌ಸ್ಟೈನ್ ಹೇಳಿದ್ದು ಅದಕ್ಕಿಂತ ಆಳದ ಸಂಗತಿ: ಓಡುವ ಗಡಿಯಾರ ನಿಧಾನವಾಗುತ್ತದೆ, ಎತ್ತರದಲ್ಲಿರುವುದು ಬೇಗ ನಡೆಯುತ್ತದೆ. ಗಡಿಯಾರ ಕೆಟ್ಟಿದ್ದರಿಂದಲ್ಲ, ಅಲ್ಲಿಯ ಕಾಲವೇ ಹಾಗೆ. ನೂರು ಮೀಟರ್ ಎತ್ತರದ ಗುಡ್ಡದ ಮೇಲಿನ ಗಡಿಯಾರ ಬುಡದಲ್ಲಿರುವುದಕ್ಕಿಂತ ಒಂದು ಸೆಕೆಂಡ್ ಮುಂದಾಗಲು ಸುಮಾರು 29 ಲಕ್ಷ ವರ್ಷ ಬೇಕು. ಅಷ್ಟು ಸಣ್ಣ ಅಂತರ ಯಾರಿಗೆ ಬೇಕು ಅನ್ನಿಸಬಹುದು. ಆದರೆ 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಬರೀ 33 ಸೆಂಟಿಮೀಟರ್, ಅಂದರೆ ಕಟ್ಟೆಯ ಎರಡು ಮೆಟ್ಟಿಲಿನಷ್ಟು ಎತ್ತರಕ್ಕೇ ಕಾಲದ ವ್ಯತ್ಯಾಸವನ್ನು ಅಳೆದು ತೋರಿಸಿದರು.

ಇನ್ನು ಮೊಬೈಲಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳು 20 ಸಾವಿರ ಕಿಲೋಮೀಟರ್ ಮೇಲಿವೆ. ವೇಗದಿಂದ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದ 45 ಮುಂದೆ ಓಡುತ್ತದೆ. ಕಳೆದರೆ 38 ಮುಂದೆ. ಈ ಲೆಕ್ಕವನ್ನು ಮೊದಲೇ ಹೊಂದಿಸದೆ ಹಾಗೇ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ಎಡವಟ್ಟಾಗುತ್ತದೆ. ಮೊಬೈಲಿನ ನಕಾಶೆ ನಂಬಿ ಗುಂಜಹಳ್ಳಿಗೆ ಹೊರಟವನು ಯಾವುದೋ ಊರಿನ ಕಟ್ಟೆಯ ಮೇಲೆ ಕುಳಿತು ದಾರಿ ಕೇಳುತ್ತಿರುತ್ತಾನೆ.